ರೋಗಿ ಯಾರು?

ನಾವು ಎಂ.ಎಸ್.ಡಬ್ಲ್ಯೂ. ಓದುವಾಗ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಅಂತ ಇತ್ತು. ಕಾಲೇಜಿನ ಹೆಸರು ಇಲ್ಲಿ ಬೇಡ, ಅದೊಂದೇ ಕಾಲೇಜಿನ ಕತೆಯಲ್ಲ. ಕೈಗೆ ಒಂದು ಫಾರಂ ಕೊಟ್ಟು ಕೇರಿಗೆ ಕಳಿಸೋರು. ಮನೆ ಯಜಮಾನನ ಹೆಸರು, ಮಕ್ಕಳೆಷ್ಟು, ಕಕ್ಕಸು ಇದೆಯೋ ಇಲ್ಲವೋ, ಗಂಡಸರು ಕುಡೀತಾರೋ, ಮಕ್ಕಳು ಶಾಲೆ ಬಿಟ್ಟಿದ್ದರೆ ಯಾಕೆ. ಕೊನೆಯಲ್ಲಿ 'ಸಮಸ್ಯೆಗೆ ಕಾರಣ' ಅನ್ನೋ ಕಲಮು. ಅದರ ಕೆಳಗೆ ಅಜ್ಞಾನ, ದುಶ್ಚಟ, ಮೂಢನಂಬಿಕೆ, ಅನೈರ್ಮಲ್ಯ ಅಂತ ಮೊದಲೇ ಅಚ್ಚಾಗಿತ್ತು. ನಾವು ಗುರುತು ಹಾಕಿದರೆ ಸಾಕು, ಕಾರಣ ಸಿಕ್ಕಂತೆ.

ಒಂದು ಮನೆಯ ಜಗಲಿ ಮೇಲೆ ಕೂತು ಬರೀತಿದ್ದಾಗ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿಯೊಬ್ಬಳು "ಯಾವೂರ್ ಮಗ, ಯಾರ ಪೈಕಿ?" ಅಂದಳು. ಹೇಳಿದೆವು. ಕುಟ್ಟೋದು ನಿಲ್ಲಿಸಿ ಮುಖ ನೋಡಿದಳು. "ನಮ್ಮೋನೇ ಆಗಿ ನಮ್ಮನ್ನೇ ಬರ್ಕತ್ತಿದ್ದೀಯಲ್ಲಪ್ಪ. ಮೇಗ್ಲ ಬೀದಿಗೂ ಹೋಯ್ತೀಯೋ, ಇಲ್ಲಾ ನಮ್ ಕೇರಿ ಒಂದೇಯೋ?"

ಮೇಲಿನ ಬೀದಿಗೆ ಆ ಫಾರಂನಲ್ಲಿ ಜಾಗ ಇರಲಿಲ್ಲ. ಕೇರಿಯ ನಲ್ಲಿಗೆ ನೀರು ಬಿಡದೆ ಇದ್ದವರು ಯಾರು, ಕೂಲಿ ಉಳಿಸಿಕೊಂಡವರು ಯಾರು, ಶಾಲೆಯಲ್ಲಿ ನಮ್ಮ ಮಕ್ಕಳನ್ನು ಹಿಂದಿನ ಸಾಲಿಗೆ ತಳ್ಳಿದವರು ಯಾರು, ಇದನ್ನೆಲ್ಲ ಬರೆಯೋದಕ್ಕೆ ಕಲಮು ಮಾಡೇ ಇರಲಿಲ್ಲ. ಅಜ್ಜಿಗೆ ನಾವು ಏನೂ ಹೇಳದೆ ಎದ್ದು ಬಂದೆವು. ಆ ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ. ಅದನ್ನು ಹೊತ್ತುಕೊಂಡು ಓದ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಅಟ್ಲಾಂಟಾ ಪಟ್ಟಣದ ಒಂದು ಸಮಾಜಕಾರ್ಯ ಶಾಲೆ, ಮತ್ತೆ ಆ ಶಾಲೆ ಬಿಟ್ಟು ಹೋಗಬೇಕಾಗಿ ಬಂದ ಒಬ್ಬ ಕರಿಯ ಮೇಷ್ಟ್ರು.

ಈಗ ಅಮೆರಿಕದ ಸಮಾಜಕಾರ್ಯ ಶಾಲೆಗಳು ವರ್ಣಭೇದದ ವಿರುದ್ಧ ತಾವು ಏನೇನು ಮಾಡಿದೆವು ಅಂತ ಇತಿಹಾಸ ಬರೆದುಕೊಳ್ಳುತ್ತವೆ. ಅಂಥ ಇತಿಹಾಸ ಸಾಮಾನ್ಯವಾಗಿ ಒಂದು ನಿರ್ಣಯದಿಂದ, ಒಂದು ಸಮಿತಿಯಿಂದ, ಒಂದು ಕಡ್ಡಾಯ ಪಠ್ಯದಿಂದ ಶುರುವಾಗುತ್ತದೆ. ನಮ್ಮ ತಕರಾರು ಇರೋದು ಅಲ್ಲೇ. ನಿರ್ಣಯ ಮಾಡುವವರು ಯಾವಾಗಲೂ ಬಾಗಿಲ ಒಳಗಿದ್ದವರು. ಬಾಗಿಲ ಹೊರಗೆ ನಿಂತಿದ್ದವರ ಕಡೆಯಿಂದ ಬರೆದರೆ ಇಸವಿಗಳೇ ಬೇರೆ ಆಗುತ್ತವೆ.

ಮೊದಲು ಈ ಸಮಾಜಕಾರ್ಯದ ಭಾಷೆ ಎಲ್ಲಿಂದ ಬಂತು ನೋಡಿ. 1917ರಲ್ಲಿ ಮೇರಿ ರಿಚ್‌ಮಂಡ್ ಎಂಬಾಕೆ 'ಸೋಷಿಯಲ್ ಡಯಾಗ್ನೋಸಿಸ್' ಅನ್ನೋ ದಪ್ಪ ಪುಸ್ತಕ ಬರೆದಳು. ಡಯಾಗ್ನೋಸಿಸ್ ಅಂದರೆ ರೋಗ ಪತ್ತೆ ಹಚ್ಚೋದು. ಮರುವರ್ಷ 1918ರಲ್ಲಿ ಮೆಸಾಚುಸೆಟ್ಸಿನ ನಾರ್ಥಾಂಪ್ಟನ್‌ನಲ್ಲಿ ಸ್ಮಿತ್ ಕಾಲೇಜಿನವರು ಸಮಾಜಕಾರ್ಯ ಶಾಲೆ ತೆರೆದರು. ಮೊದಲ ಮಹಾಯುದ್ಧದಲ್ಲಿ ಮನಸ್ಸು ಕೆಟ್ಟು ಬಂದ ಸೈನಿಕರನ್ನು ನೋಡಿಕೊಳ್ಳುವವರನ್ನು ತಯಾರು ಮಾಡೋದು ಅದರ ಉದ್ದೇಶ. ದಾನಧರ್ಮ ಮಾಡುತ್ತಿದ್ದ ಅಮ್ಮಂದಿರ ಕೆಲಸ ಹೀಗೆ ಡಾಕ್ಟರ ಬಿಳಿ ಕೋಟು ಹಾಕಿಕೊಂಡಿತು. ಬಡವ ಕೇಸ್ ಆದ. ಅವನ ಬಡತನ ಲಕ್ಷಣ ಆಯ್ತು. ಪರಿಹಾರಕ್ಕೆ ಟ್ರೀಟ್‌ಮೆಂಟ್ ಅಂತ ಹೆಸರು ಬಂತು. ಈ ಮಾತುಗಳಿಂದ ಒಳ್ಳೇದೇ ಆಗಲಿಲ್ಲ ಅಂತ ನಾವು ಹೇಳೋಲ್ಲ. ಬಡವನನ್ನು ಪಾಪಿ ಅನ್ನೋದಕ್ಕಿಂತ ರೋಗಿ ಅನ್ನೋದು ಒಂದು ಮೆಟ್ಟಿಲು ಮೇಲೆಯೇ. ಆದರೆ ಯಾರ ನಾಡಿ ಯಾರು ಹಿಡಿಯಬೇಕು ಅನ್ನೋದು ಮೊದಲೇ ತೀರ್ಮಾನ ಆಗಿಹೋಗಿತ್ತು.

ಅಟ್ಲಾಂಟಾದಲ್ಲಿ ಕರಿಯರ ನಾಡಿ ಹಿಡಿಯೋಕೂ ಯಾರೂ ಇರಲಿಲ್ಲ. 1906ರಲ್ಲಿ ಬಿಳಿಯರ ಗುಂಪು ಆ ಪಟ್ಟಣದ ಕರಿಯರನ್ನು ಬೀದಿಬೀದಿಯಲ್ಲಿ ಹುಡುಕಿ ಕೊಂದಿತ್ತು. ಅದಕ್ಕೂ ಮುಂಚೆ, 1899ರಲ್ಲಿ, ಸ್ಯಾಮ್ ಹೋಸ್ ಎಂಬ ಕೂಲಿಯಾಳನ್ನು ಜಾರ್ಜಿಯಾದಲ್ಲಿ ಜೀವಂತ ಸುಟ್ಟರು. ಆಗ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಕರಿಯರ ಬದುಕನ್ನು ಅಂಕಿಅಂಶದಲ್ಲಿ ತೋರಿಸಿದರೆ ಬಿಳಿಯರ ಕಣ್ಣು ತೆರೆಯುತ್ತೆ ಅಂತ ನಂಬಿ ಸರ್ವೆ ಮೇಲೆ ಸರ್ವೆ ಮಾಡಿಸುತ್ತಿದ್ದ. ಈ ಕೊಲೆಯ ಬಗ್ಗೆ ಪತ್ರಿಕೆಗೆ ಒಂದು ಸಮಾಧಾನದ ಕಾಗದ ಬರೆದು ಕೊಡೋಕೆ ಹೊರಟ. ದಾರಿಯಲ್ಲಿ ಗೊತ್ತಾಯ್ತು, ಹೋಸ್‌ನ ಕೈಬೆರಳಿನ ಗಿಣ್ಣುಗಳನ್ನು ಒಂದು ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ ಅಂತ. ಡುಬಾಯ್ಸ್ ಕಾಗದ ಕೊಡದೆ ವಾಪಸ್ಸು ನಡೆದ. ಜನರನ್ನು ಹೀಗೆ ಸುಡುತ್ತಿರುವಾಗ ತಣ್ಣಗೆ ಕೂತು ಶಾಸ್ತ್ರ ಮಾಡೋಕಾಗಲ್ಲ ಅಂತ ಆತ ಮುಂದೆ ಬರೆದ. ಸರ್ವೆ ಫಾರಂ ಹಿಡಿದ ಯಾರೇ ಆಗಲಿ ಆ ಅರ್ಧ ದಾರಿಯಲ್ಲಿ ಒಂದು ಗಳಿಗೆ ನಿಲ್ಲಬೇಕು ಅಂತ ನಮಗೆ ಅನ್ನಿಸುತ್ತದೆ.

ಸರ್ವೆಯೆಲ್ಲ ಒಂದೇ ಜಾತಿಯದಲ್ಲ ಅನ್ನೋದಕ್ಕೂ ಸಾಕ್ಷಿ ಅದೇ ಪಟ್ಟಣದಲ್ಲಿದೆ. 1908ರಲ್ಲಿ ಲುಜೀನಿಯಾ ಬರ್ನ್ಸ್ ಹೋಪ್ ಎಂಬ ಹೆಣ್ಣುಮಗಳು ಅಕ್ಕಪಕ್ಕದ ಹೆಂಗಸರನ್ನು ಸೇರಿಸಿ 'ನೇಬರ್‌ಹುಡ್ ಯೂನಿಯನ್' ಕಟ್ಟಿದಳು. ಕರಿಯರ ಬಡಾವಣೆಗಳನ್ನು ಪಾಲು ಮಾಡಿಕೊಂಡು ಈ ಹೆಂಗಸರು ಮನೆಮನೆ ತಿರುಗಿದರು. ಅವರೂ ಬರೆದುಕೊಂಡರು. ಆದರೆ ಬರೆದದ್ದನ್ನು ಹಿಡಕೊಂಡು ಹೋಗಿದ್ದು ನಗರಾಡಳಿತದ ಬಾಗಿಲಿಗೆ. ದೀಪ ಇಲ್ಲ, ಚರಂಡಿ ಇಲ್ಲ, ಕರಿಯ ಮಕ್ಕಳ ಶಾಲೆಯಲ್ಲಿ ಕೂರೋಕೆ ಜಾಗ ಇಲ್ಲ, ಯಾಕಿಲ್ಲ ಅಂತ 1913ರಲ್ಲಿ ಲೆಕ್ಕ ಮುಂದಿಟ್ಟು ಕೇಳಿದರು. ಅವರ ಫಾರಂನಲ್ಲಿ 'ಕಾರಣ' ಕಲಮಿನಲ್ಲಿ ಬಂದಿದ್ದು ಮನೆಯೊಡತಿಯ ಹೆಸರಲ್ಲ, ನಗರಸಭೆಯ ಹೆಸರು. ಸಮಾಜಕಾರ್ಯ ಶಾಲೆಗಳ ವರ್ಣಭೇದ ವಿರೋಧಿ ಇತಿಹಾಸ ಶುರುವಾಗಬೇಕಾದ್ದು ಈ ಹೆಂಗಸರ ಚಪ್ಪಲಿ ಸವೆದ ಬೀದಿಗಳಿಂದ ಅನ್ನೋದು ನಮ್ಮ ವಾದ.

ಶಾಲೆ ಬಂದದ್ದು 1920ರಲ್ಲಿ. ದಕ್ಷಿಣದ ಬಿಳಿಯರ ಕಾಲೇಜುಗಳು ಕರಿಯರನ್ನು ಹೊಸಲು ತುಳಿಯೋಕೆ ಬಿಡುತ್ತಿರಲಿಲ್ಲ. ಅರ್ಬನ್ ಲೀಗ್‌ನ ಜೆಸ್ಸೀ ಥಾಮಸ್, ಲುಜೀನಿಯಾ ಹೋಪ್ ಮುಂತಾದವರು ಓಡಾಡಿ ಮೋರ್‌ಹೌಸ್ ಕಾಲೇಜಿನಲ್ಲಿ ಅಟ್ಲಾಂಟಾ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಶುರು ಮಾಡಿದರು. 1922ರಲ್ಲಿ ಅದರ ಹೊಣೆ ಹೊತ್ತವನು ಎಡ್ವರ್ಡ್ ಫ್ರಾಂಕ್ಲಿನ್ ಫ್ರೇಜಿಯರ್. ಆಗ ಅವನಿಗೆ 28 ವರ್ಷ. ಏಕವಚನದಲ್ಲಿ ಬರೀತಿದ್ದೀವಿ, ಅಗೌರವದಿಂದಲ್ಲ. ನಮ್ಮ ವಯಸ್ಸಿನವನು, ನಮ್ಮಂಥ ಮನೆಯಿಂದ ಬಂದವನು. ಅವನಪ್ಪ ಬಾಲ್ಟಿಮೋರ್‌ನಲ್ಲಿ ಬ್ಯಾಂಕಿನ ಓಡಾಟದ ಆಳು, ಓದು ಬರಹ ತಾನೇ ಕಲಿತುಕೊಂಡವನು. ಮಗ ಹೊವಾರ್ಡ್‌ನಲ್ಲಿ ಓದಿ, ನ್ಯೂಯಾರ್ಕಿನ ಸಮಾಜಕಾರ್ಯ ಶಾಲೆಯಲ್ಲಿ ಸಂಶೋಧನೆ ಮಾಡಿ, ಡೆನ್ಮಾರ್ಕಿಗೆ ಹೋಗಿ ಅಲ್ಲಿನ ರೈತರ ಸಹಕಾರ ಸಂಘಗಳನ್ನೂ ಜನತಾ ಶಾಲೆಗಳನ್ನೂ ನೋಡಿ ಬಂದಿದ್ದ. ಐದು ವರ್ಷದಲ್ಲಿ ಅಟ್ಲಾಂಟಾದ ಶಾಲೆಗೆ ಒಂದು ನೆಲೆ ಕಟ್ಟಿಕೊಟ್ಟ.

1927ರ ಜೂನ್‌ನಲ್ಲಿ 'ಫೋರಂ' ಅನ್ನೋ ಮಾಸಪತ್ರಿಕೆಯಲ್ಲಿ ಅವನ ಲೇಖನವೊಂದು ಅಚ್ಚಾಯ್ತು. ಹೆಸರು 'ಜನಾಂಗದ್ವೇಷದ ರೋಗಶಾಸ್ತ್ರ'. ಗೆಳೆಯರೆ, ಈ ಲೇಖನದ ಧೈರ್ಯ ನೋಡಿ. ರಿಚ್‌ಮಂಡ್, ಫ್ರಾಯ್ಡ್ ಇವರ ಕಾಲದ ಆ ಡಾಕ್ಟರ ಭಾಷೆಯನ್ನೇ ತಗೊಂಡು ಅವನು ಮಂಚದ ಮೇಲೆ ಮಲಗಿಸಿದ್ದು ಬಿಳಿಯನನ್ನು. ದಕ್ಷಿಣದ ಬಿಳಿಯ ಎಲ್ಲ ವಿಷಯದಲ್ಲೂ ಸರಿಯಾಗಿಯೇ ಇರುತ್ತಾನೆ, ಮಕ್ಕಳನ್ನು ಮುದ್ದು ಮಾಡುತ್ತಾನೆ, ನೆರೆಯವರಿಗೆ ಆಗುತ್ತಾನೆ, ಕಾನೂನು ಪಾಲಿಸುತ್ತಾನೆ. ಕರಿಯನ ವಿಷಯ ಬಂದ ಕೂಡಲೆ ಹುಚ್ಚನಂತೆ ಆಡುತ್ತಾನೆ. ಹುಚ್ಚನ ಮನಸ್ಸಿನಲ್ಲಿ ಒಂದು ಭಾಗ ಮಿಕ್ಕ ಭಾಗದಿಂದ ಕಡಿದುಹೋಗಿರುತ್ತಲ್ಲ, ಹಾಗೆ ಇದು. ತಪ್ಪನ್ನು ಎಷ್ಟು ತೋರಿಸಿಕೊಟ್ಟರೂ ಒಂದು ನೆಪ ಹುಡುಕಿ ತನ್ನನ್ನು ತಾನು ಸಮರ್ಥಿಸಿಕೊಳ್ಳುತ್ತಾನೆ. ಹುಚ್ಚು ಅಂದರೆ ಸಮಾಜದಲ್ಲಿ ಮಾಡಬೇಕಾದ ಕೆಲಸ ಮಾಡೋಕೆ ಆಗದೆ ಇರೋದು ತಾನೆ? ಬಿಳಿಯ ಕರಿಯರ ವ್ಯಾಜ್ಯ ಬಂದರೆ ಇವನ ಕೈಯಲ್ಲಿ ನ್ಯಾಯ ಹೇಳೋಕಾಗಲ್ಲ. ಹಾಗಾದರೆ ಇವನನ್ನು ಏನಂತ ಕರೆಯೋದು? ಇದು ಫ್ರೇಜಿಯರನ ವಾದದ ಸಾರ.

ಓದಿದಾಗ ನಮಗೆ ಮೊದಲು ನಗು ಬಂತು, ಆಮೇಲೆ ಮೈ ಬಿಸಿಯಾಯ್ತು. ನಮ್ಮೂರಲ್ಲೂ ನೋಡಿಲ್ಲವಾ? ಇರುವೆಗೆ ಸಕ್ಕರೆ ಹಾಕುವ, ಹಸುವಿಗೆ ನಮಸ್ಕಾರ ಮಾಡುವ ಸಜ್ಜನ, ನಮ್ಮವರ ಲೋಟ ತಗಲಿದರೆ ಕೈ ನಡುಗಿ ನೀರು ಚೆಲ್ಲುತ್ತಾನೆ. ಆ ನಡುಕಕ್ಕೆ ಶಾಸ್ತ್ರದಲ್ಲಿ ಬೇರೆ ಹೆಸರಿದೆ, ಮಡಿ ಅಂತ. ಫ್ರೇಜಿಯರ್ ಕಂಡಿದ್ದರೆ ಬೇರೆ ಹೆಸರು ಇಡುತ್ತಿದ್ದ.

ಲೇಖನ ಬರೆದದ್ದಕ್ಕೇ ಅವನನ್ನು ಕೆಲಸದಿಂದ ತೆಗೆದರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಪೂರ್ತಿ ನಿಜವಲ್ಲ, ಮತ್ತು ನಿಜ ಇನ್ನೂ ಕಹಿಯಾಗಿದೆ. ಲೇಖನ ಅಚ್ಚಾಗುವ ಮೊದಲೇ ಆಡಳಿತ ಮಂಡಳಿ ಜೊತೆ ಅವನಿಗೆ ಜಗಳ ಹತ್ತಿತ್ತು. ಕ್ಷೇತ್ರಕಾರ್ಯದ ಮೇಲ್ವಿಚಾರಕಿಯಾಗಿದ್ದ ಬಿಳಿಯ ಮಹಿಳೆಯ ಜೊತೆ ಸರಿಬರಲಿಲ್ಲ; ಆಕೆಯ ದೂರು ಮಂಡಳಿಗೆ ಹೋಯಿತು; ಕರಿಯರ ಶಾಲೆಯ ಕರಿಯ ಮುಖ್ಯಸ್ಥನಿಗೆ ರಾಜೀನಾಮೆ ಕೇಳಿದರು. ಅವನು ಹೋಗೋದು ತೀರ್ಮಾನ ಆಗಿದ್ದ ಹೊತ್ತಿಗೆ ಜೂನ್ ಸಂಚಿಕೆ ಬಂತು. ಅಟ್ಲಾಂಟಾದ ಬಿಳಿಯರ ಪತ್ರಿಕೆಗಳು ಕೆಂಡ ಕಾರಿದವು, ಕೊಲ್ಲುವ ಬೆದರಿಕೆ ಬಂತು. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಊರು ಬಿಟ್ಟ ಅಂತ ಒಂದು ಕತೆ ಇದೆ. ಕತೆ ಚೆನ್ನಾಗಿದೆ, ಆದರೆ ಪಿಸ್ತೂಲು ಬೇಕಾಗಿದ್ದು ಬೀದಿಯ ಗುಂಪಿಗೆ. ಮಂಡಳಿಯ ಮೇಜಿನ ಸುತ್ತ ಕೂತು, ನಯವಾಗಿ ಮಾತಾಡಿ, 'ಹೊಂದಿಕೊಂಡು ಹೋಗಲ್ಲ' ಅಂತ ಕಾಗದದಲ್ಲಿ ಕೆಲಸ ಮುಗಿಸುವವರ ಎದುರು ಪಿಸ್ತೂಲು ಏನು ಮಾಡೀತು? ಅವರು ಕರಿಯರ ಹಿತೈಷಿಗಳು. ಶಾಲೆಗೆ ದಾನದ ಹಣ ಬರುತ್ತಿದ್ದುದು ಬಿಳಿಯರ ಕಡೆಯಿಂದ. ಹಿತೈಷಿಯನ್ನು ರೋಗಿ ಅಂದರೆ ದಾನ ನಿಲ್ಲುತ್ತೆ.

ಈಗ ಫ್ರೇಜಿಯರನ ಮೇಲೂ ನಮ್ಮದೊಂದು ಪ್ರಶ್ನೆ ಇದೆ. ನಮ್ಮವನು ಅಂತ ಬಿಡೋದಕ್ಕಾಗಲ್ಲ. ಹುಚ್ಚ ಕೊಲೆ ಮಾಡಿದರೆ ಕೋರ್ಟು ಅವನನ್ನು ಬಿಟ್ಟು ಆಸ್ಪತ್ರೆಗೆ ಕಳಿಸುತ್ತೆ. ಸ್ಯಾಮ್ ಹೋಸ್‌ನನ್ನು ಸುಟ್ಟವರನ್ನೂ ಆಸ್ಪತ್ರೆಗೆ ಕಳಿಸೋದಾ? ಮತ್ತೆ ಹುಚ್ಚಿನಿಂದ ಯಾರಿಗೂ ಲಾಭವಿಲ್ಲ, ದ್ವೇಷದಿಂದ ಲಾಭವಿದೆ. ಕರಿಯನಿಗೆ ಅರ್ಧ ಕೂಲಿ ಕೊಟ್ಟು ಹತ್ತಿ ಬಿಡಿಸಿಕೊಳ್ಳುವ ಜಮೀನ್ದಾರನ ತಲೆ ಸರಿಯಾಗಿಯೇ ಇದೆ, ಲೆಕ್ಕದಲ್ಲಿ ಒಂದು ಸೆಂಟೂ ತಪ್ಪಲ್ಲ. ನಮ್ಮ ಊರುಗಳಲ್ಲಿ ಜೀತದ ಲೆಕ್ಕ ಬರೆದಿಟ್ಟ ಧಣಿಗಳಿಗೂ ಬುದ್ಧಿ ಭ್ರಮಣೆ ಆಗಿರಲಿಲ್ಲ. ದ್ವೇಷವನ್ನು ಬರೀ ಮನಸ್ಸಿನ ರೋಗ ಅಂದುಬಿಟ್ಟರೆ ಜಮೀನು, ಕೂಲಿ, ಪೊಲೀಸು ಎಲ್ಲ ಕಣ್ಮರೆಯಾಗುತ್ತವೆ. ಸಹಕಾರ ಸಂಘಗಳನ್ನು ನೋಡಿ ಬಂದಿದ್ದ ಫ್ರೇಜಿಯರನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆ ಲೇಖನ ಒಂದು ಏಟು. ಏಟಿಗೆ ಇರುವ ಮಿತಿ ಅದಕ್ಕೂ ಇದೆ. ಆದರೂ ಯಾರ ನಾಡಿ ಯಾರು ಹಿಡಿಯಬೇಕು ಅನ್ನೋದನ್ನು ತಿರುಗಿಸಿಟ್ಟ ಆ ಒಂದು ಕೆಲಸವನ್ನು, ಒಂದು ಸಮಾಜಕಾರ್ಯ ಶಾಲೆಯ ಮುಖ್ಯಸ್ಥ ಮಾಡಿದನಲ್ಲ, ಅದಕ್ಕೆ ಸಮನಾದ ನಿರ್ಣಯ ಯಾವ ಸಮಿತಿಯೂ ಮಾಡಿದ್ದನ್ನು ನಾವು ಕಾಣೆವು.

ಫ್ರೇಜಿಯರ್ ಹೋದ ಮೇಲೆ ಶಾಲೆ ಮುಚ್ಚಲಿಲ್ಲ. ಫಾರೆಸ್ಟರ್ ವಾಷಿಂಗ್ಟನ್ ಬಂದ, 1927ರಿಂದ 1954ರವರೆಗೆ ನಡೆಸಿದ. 1928ರಲ್ಲಿ ಅಮೆರಿಕದ ಸಮಾಜಕಾರ್ಯ ಶಾಲೆಗಳ ಸಂಘದ ಮಾನ್ಯತೆ ಸಿಕ್ಕಿತು, ಕರಿಯರ ಶಾಲೆಗಳಲ್ಲಿ ಅದೇ ಮೊದಲು. ವಾಷಿಂಗ್ಟನ್‌ದು ಬೇರೆ ಹಾದಿ: ಬೆಂಕಿ ಕಡಿಮೆ, ಕಟ್ಟಿದ್ದು ಜಾಸ್ತಿ. ಕರಿಯರ ನಡುವೆ ಕೆಲಸ ಮಾಡುವವನಿಗೆ ಬಿಳಿಯರ ಪಠ್ಯವೊಂದೇ ಸಾಲದು, ಅವನ ತರಬೇತಿಯೇ ಬೇರೆ ಆಗಬೇಕು ಅಂತ ಹಟ ಹಿಡಿದವನು. ಬಿಸಿರಕ್ತದ ನಮ್ಮಂಥವರಿಗೆ ಇಂಥವರು ರುಚಿಸೋಲ್ಲ. ಆದರೆ ಶಾಲೆಯೇ ಇಲ್ಲದಿದ್ದರೆ ದಕ್ಷಿಣದ ಕರಿಯ ಹುಡುಗಿ ಎಲ್ಲಿಗೆ ಹೋಗಿ ಓದಬೇಕಿತ್ತು? ಹಾಸ್ಟೆಲ್ ಅನ್ನ ತಿಂದು ಡಿಗ್ರಿ ಮಾಡಿದ ನಾವು ಕಟ್ಟಿದವರನ್ನು ಬೈಯುವ ಮುಂಚೆ ಒಂದು ಸಲ ಎಂಜಲು ನುಂಗಿಕೊಳ್ಳಬೇಕು.

1954ರಲ್ಲಿ ಡೀನ್ ಆಗಿ ಬಂದವನು ವಿಟ್ನಿ ಯಂಗ್. ಈತನನ್ನು ಮುಂದೆ ಬಿಸಿರಕ್ತದ ಹುಡುಗರು ಬಿಳಿಯರ ಗೆಳೆಯ ಅಂತ ಹಂಗಿಸಿದರು. ಇರಲಿ. 1960ರಲ್ಲಿ ಯಂಗ್ ಮತ್ತು ಅವನ ಗೆಳೆಯರ ಗುಂಪು 'ಎ ಸೆಕೆಂಡ್ ಲುಕ್' ಅಂತ ಒಂದು ಸಣ್ಣ ವರದಿ ತಂದಿತು. ಕರಿಯರು ಸುಖವಾಗಿದ್ದಾರೆ ಅಂತ ಮೆರೆಯುತ್ತಿದ್ದ ಅಟ್ಲಾಂಟಾದಲ್ಲಿ ಶಾಲೆ, ಆಸ್ಪತ್ರೆ, ಮನೆ, ಉದ್ಯೋಗಗಳಲ್ಲಿ ಕರಿಯರಿಗೆ ಸಿಕ್ಕಿದ್ದೆಷ್ಟು ಅನ್ನೋ ಲೆಕ್ಕ ಅದರಲ್ಲಿತ್ತು. ಆ ಲೆಕ್ಕವನ್ನು ಹುಡುಗರು ಎತ್ತಿಕೊಂಡರು. 1960ರ ಮಾರ್ಚ್ 9ರಂದು ಅಟ್ಲಾಂಟಾದ ಕರಿಯ ಕಾಲೇಜುಗಳ ವಿದ್ಯಾರ್ಥಿಗಳು ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಮನುಷ್ಯರ ಹಕ್ಕುಗಳಿಗಾಗಿ ಮನವಿ ಹೊರಡಿಸಿದರು. ಅದರೊಳಗಿನ ಅಂಕಿಗಳು ಆ ವರದಿಯವು. ಆರು ದಿನದ ಮೇಲೆ ಬಿಳಿಯರ ಹೋಟೆಲು, ಕ್ಯಾಂಟೀನುಗಳಿಗೆ ನುಗ್ಗಿ ಕೂತರು. ಲುಜೀನಿಯಾ ಹೋಪ್‌ಳ ಫಾರಂ ಅರ್ಧ ಶತಮಾನ ಆದ ಮೇಲೆ ಧರಣಿ ಕೂತಿತು ಅಂತ ಹೇಳಬಹುದೇನೋ. ಆ ಶಾಲೆ ಈಗ ಕ್ಲಾರ್ಕ್ ಅಟ್ಲಾಂಟಾ ವಿಶ್ವವಿದ್ಯಾಲಯದ ಭಾಗ, ಯಂಗ್‌ನ ಹೆಸರು ಹೊತ್ತಿದೆ. ಫ್ರೇಜಿಯರನ ಹೆಸರಲ್ಲ.

ರೋಗ ಅನ್ನೋ ಮಾತು ಮಾತ್ರ ಸುಮ್ಮನಿರಲಿಲ್ಲ. ಫ್ರೇಜಿಯರ್ ಷಿಕಾಗೋಗೆ ಹೋಗಿ ಡಾಕ್ಟರೇಟ್ ಮಾಡಿ 1939ರಲ್ಲಿ ಕರಿಯರ ಕುಟುಂಬದ ಬಗ್ಗೆ ದೊಡ್ಡ ಗ್ರಂಥ ಬರೆದ. ಗುಲಾಮಗಿರಿ, ವಲಸೆ, ನಿರುದ್ಯೋಗ ಇವು ಸಂಸಾರಗಳನ್ನು ಹೇಗೆ ಚಿಂದಿ ಮಾಡಿದವು ಅಂತ ತೋರಿಸಿದ. 1948ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷನಾದ ಮೊದಲ ಕರಿಯ ಅವನೇ. 1962ರಲ್ಲಿ ತೀರಿಕೊಂಡ. ಮೂರು ವರ್ಷ ಆಗಿತ್ತು ಅಷ್ಟೆ, 1965ರಲ್ಲಿ ಸರ್ಕಾರದ ಅಧಿಕಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ನೀಗ್ರೋ ಕುಟುಂಬದ ಮೇಲೆ ಒಂದು ವರದಿ ಬರೆದ. ಫ್ರೇಜಿಯರನ ಪುಸ್ತಕವನ್ನೇ ಆಧಾರ ಮಾಡಿಕೊಂಡ. ಒಂದು ಅಧ್ಯಾಯಕ್ಕೆ ರೋಗದ ಸಿಕ್ಕು ಅನ್ನುವ ಅರ್ಥದ ಹೆಸರಿಟ್ಟ. ಗಂಡಸಿನ ಯಜಮಾನಿಕೆ ಇಲ್ಲದ ಕರಿಯರ ಮನೆಯೇ ಆ ಸಿಕ್ಕಿನ ನಡುವಿನ ಗಂಟು ಅನ್ನೋದು ಅವನ ವಾದ. ಉದ್ದೇಶ ಒಳ್ಳೆಯದಿತ್ತು, ಕೆಲಸ ಕೊಡಿಸಬೇಕು ಅಂತಲೇ ಬರೆದ ಅಂತ ಅವನ ಪರ ಮಾತಾಡುವವರಿದ್ದಾರೆ, ಇದ್ದರೂ ಇರಬಹುದು. ಆದರೆ ನೋಡಿ ಎಂಥ ಕೈಚಳಕ! 1927ರಲ್ಲಿ ಮಂಚದ ಮೇಲೆ ಮಲಗಿದ್ದ ಬಿಳಿಯ ಎದ್ದು ಮತ್ತೆ ಕೋಟು ಹಾಕಿಕೊಂಡ, ಕರಿಯನ ತಾಯಿಯನ್ನು ಅದೇ ಮಂಚದ ಮೇಲೆ ಮಲಗಿಸಿದ. ಅದೂ ಫ್ರೇಜಿಯರನ ಪುಸ್ತಕವನ್ನೇ ತಲೆದಿಂಬು ಮಾಡಿ. ಸತ್ತವನು ಎದ್ದು ಬಂದು ತಕರಾರು ಹೇಳೋಕಾಗುತ್ತಾ?

1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಮಾಜ ಕಲ್ಯಾಣದ ರಾಷ್ಟ್ರೀಯ ಸಮ್ಮೇಳನದಿಂದ ಕರಿಯ ಸಮಾಜಕಾರ್ಯಕರ್ತರು ಎದ್ದು ಹೊರಗೆ ಬಂದು ತಮ್ಮದೇ ಸಂಘ ಕಟ್ಟಿದರು. ಬಿಳಿಯರ ಶಾಲೆಗಳು ಕನ್ನಡಿ ನೋಡಿಕೊಳ್ಳೋಕೆ ಶುರು ಮಾಡಿದ್ದರ ಹಿಂದೆ ಇಂಥ ಹೊರನಡೆಗಳು ಇವೆ ಅನ್ನೋದನ್ನು ಮರೆತು ಅವರ ಉದಾರತೆಯನ್ನು ಹೊಗಳೋದು ಬೇಡ. ನಾರ್ಥಾಂಪ್ಟನ್‌ನ ಸ್ಮಿತ್ ಶಾಲೆ 1994ರಲ್ಲಿ ತಾನು ವರ್ಣಭೇದ ವಿರೋಧಿ ಸಂಸ್ಥೆಯಾಗುವತ್ತ ದುಡಿಯುತ್ತೇನೆ ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ವರ್ಣಭೇದದ ಬಗ್ಗೆ ಪಾಠ ಬಂತು, ಕ್ಷೇತ್ರಕಾರ್ಯದಲ್ಲೂ ವಿದ್ಯಾರ್ಥಿಗಳು ಅದರ ವಿರುದ್ಧ ಒಂದು ಕೆಲಸ ಮಾಡಬೇಕು ಅನ್ನೋದು ಬಂತು. ಸಣ್ಣ ಮಾತಲ್ಲ. ಸೈನಿಕರ ಮನಸ್ಸು ನೋಡೋಕೆ ಹುಟ್ಟಿದ ಶಾಲೆ 76 ವರ್ಷಕ್ಕೆ ತನ್ನ ನಾಡಿಯನ್ನೇ ಹಿಡಿದುಕೊಂಡಿತಲ್ಲ! 'ಆಗಿದ್ದೇವೆ' ಅನ್ನದೆ 'ಆಗುವತ್ತ' ಅಂದದ್ದಕ್ಕೂ ನಮ್ಮ ಮೆಚ್ಚುಗೆ ಇದೆ. ಆದರೆ ತನ್ನ ನಾಡಿ ತಾನೇ ಹಿಡಿದುಕೊಳ್ಳುವ ರೋಗಿಯನ್ನು ಎಷ್ಟು ನಂಬಬಹುದು? ಮನಸ್ಸನ್ನು ಶೋಧಿಸಿಕೊಂಡು ಅತ್ತು ಹಗುರಾಗೋದು ಒಂದು, ಕುರ್ಚಿ ಬಿಟ್ಟುಕೊಡೋದು ಇನ್ನೊಂದು. ಫ್ರೇಜಿಯರ್ ಕಳಕೊಂಡಿದ್ದು ಕುರ್ಚಿ.

ಇದೆಲ್ಲ ದೂರದ ಅಮೆರಿಕದ ಕತೆ ಅಂತ ಮೂಗು ಮುರಿಯುವವರಿಗೆ ಎರಡು ಇಸವಿ ನೆನಪಿಸುತ್ತೇವೆ. ಫ್ರೇಜಿಯರನ ಲೇಖನ ಬಂದ 1927ರಲ್ಲೇ, ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡಿನಲ್ಲಿ ಚವದಾರ್ ಕೆರೆಯ ನೀರು ಕುಡಿದರು. ಮುಟ್ಟಿದ ಕೆರೆಯನ್ನು ಸವರ್ಣೀಯರು ಆಮೇಲೆ ಸಗಣಿ, ಗಂಜಲ ಸುರಿದು ಶುದ್ಧ ಮಾಡಿದರು. ಫ್ರೇಜಿಯರನ ಕೇಸಿಗೆ ಇದಕ್ಕಿಂತ ಲಕ್ಷಣ ಬೇಕೆ? ಎರಡನೆಯದು 1936. ಆ ವರ್ಷ ಮುಂಬಯಿಯಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿಯ ನೇತೃತ್ವದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ತೆರೆಯಿತು. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಕೇಸು, ಡಯಾಗ್ನೋಸಿಸ್ ಎಲ್ಲ ಆ ಹಡಗಿನಲ್ಲಿ ನಮ್ಮ ಕಡೆ ಇಳಿದವು. ಅದೇ ವರ್ಷ ಅದೇ ಮುಂಬಯಿಯಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಅಚ್ಚು ಹಾಕಿಸಿದರು, ತಮ್ಮದೇ ಖರ್ಚಿನಲ್ಲಿ. ಲಾಹೋರಿಗೆ ಭಾಷಣಕ್ಕೆ ಕರೆದಿದ್ದ ಸುಧಾರಕರು ಬರಹ ನೋಡಿ ಸಭೆಯನ್ನೇ ರದ್ದು ಮಾಡಿದ್ದರು. ಹಿತೈಷಿಗಳು ಎಲ್ಲ ಕಡೆ ಒಂದೇ ಥರ! ಆ ಪುಸ್ತಕದ ಮುನ್ನುಡಿಯಲ್ಲಿ ಬಾಬಾಸಾಹೇಬರು ಈ ದೇಶದ ರೋಗಿಗಳು ಯಾರು ಅಂತ ಹೇಳುತ್ತಾರೆ: ಹಿಂದೂಗಳೇ ರೋಗಿಗಳು, ಅವರ ರೋಗ ಮಿಕ್ಕವರ ಆರೋಗ್ಯಕ್ಕೂ ಸುಖಕ್ಕೂ ಕುತ್ತು ತಂದಿದೆ, ಇಷ್ಟು ಅವರಿಗೆ ಮನವರಿಕೆಯಾದರೆ ನನಗೆ ಸಾಕು ಅನ್ನೋ ಅರ್ಥದ ಮಾತು. ಫ್ರೇಜಿಯರ್ ನಿಂತಲ್ಲಿಗೆ ಬಾಬಾಸಾಹೇಬರು ನಿಲ್ಲಲಿಲ್ಲ ಅನ್ನೋದನ್ನೂ ಗಮನಿಸಬೇಕು. ರೋಗದ ಹೆಸರು ಹೇಳಿ ಸುಮ್ಮನಾಗದೆ ಅದು ಯಾವ ಶಾಸ್ತ್ರದಿಂದ ಹುಟ್ಟಿತು, ಯಾರಿಗೆ ಲಾಭ ಮಾಡಿತು, ಎಲ್ಲಿಗೆ ಕೊಡಲಿ ಬೀಳಬೇಕು ಅನ್ನೋವರೆಗೂ ಹೋದರು.

ಒಂದೇ ಊರು, ಒಂದೇ ವರ್ಷ. ಒಂದು ಕಡೆ ಬಡವರ ರೋಗ ಪತ್ತೆ ಹಚ್ಚುವ ಶಾಲೆ, ಇನ್ನೊಂದು ಕಡೆ ರೋಗಿ ಯಾರು ಅಂತ ಬೆರಳು ಮಾಡಿ ತೋರಿಸಿದ ಪುಸ್ತಕ. ನಾವು ಓದಿದ ತರಗತಿಯಲ್ಲಿ ರಿಚ್‌ಮಂಡ್ ಇದ್ದಳು, ಮ್ಯಾನ್‌ಶಾರ್ಟ್ ಇದ್ದ. 'ಜಾತಿ ವಿನಾಶ' ಇರಲಿಲ್ಲ, ಫ್ರೇಜಿಯರ್ ಹೆಸರು ಮೇಷ್ಟ್ರ ಬಾಯಲ್ಲಿ ಎರಡು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ನಾವು ಆ ಕೇರಿಯ ವರದಿ ಬರೆದು ಕೊಟ್ಟೆವು. 'ಸಮಸ್ಯೆಗೆ ಕಾರಣ' ಕಲಮಿನಲ್ಲಿ ಅಚ್ಚಾಗಿದ್ದ ನಾಲ್ಕಕ್ಕೂ ಅಡ್ಡಗೆರೆ ಎಳೆದು ಕೆಳಗೆ ಕೈಯಲ್ಲಿ 'ಮೇಲಿನ ಬೀದಿ' ಅಂತ ಬರೆದಿದ್ದೆವು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಆ ಪುಟ ತಿರುವಿ, ಕನ್ನಡಕ ಮೇಲೆತ್ತಿ, "ಏನಪ್ಪಾ ಇದು, ಕಾರಣ ಕೇಳಿದ್ರೆ ಅಡ್ರೆಸ್ ಬರ್ದಿದ್ದೀಯ?" ಅಂದರು. ಕೂತಿದ್ದವರೆಲ್ಲ ನಕ್ಕರು. ಹೌದು ಸಾರ್, ಅಡ್ರೆಸ್ಸೇ, ಅಂದೆವು. ಪಾಸಾಗೋಕೆ ಬೇಕಾದಷ್ಟು ಮಾರ್ಕು ಕೊಟ್ಟರು.